ವಾಲ್ವ್ ಪ್ರೀಆಂಪ್‌ಗೆ ಟ್ರಾನ್ಸಿಸ್ಟರ್ ಪವರ್ ಆಂಪ್: ಬಾಸ್ ತೆಳು, ವಾಲ್ಯೂಮ್ ಗುಂಡಿ ಗಡಿಯಾರದ ಎಂಟು ಗಂಟೆ ಸ್ಥಾನ ದಾಟೋ ಹಾಗಿಲ್ಲ

ಮಲ್ಲಂದೂರು_ಟ್ರಯೋಡ್ (ಚಿಕ್ಕಮಗಳೂರು)

ಪ್ರೀಆಂಪ್ (ಪವರ್ ಆಂಪ್‌ಗೆ ಮೊದಲು ಸಿಗ್ನಲ್ ಹೆಚ್ಚಿಸೋ ಪೆಟ್ಟಿಗೆ): ಚಾನೆಲ್‌ಗೊಂದು 12ಎಯು7 ಜೋಡಿ ಟ್ರಯೋಡ್ ವಾಲ್ವ್, ಅದರಲ್ಲಿ ಒಂದು ಅರ್ಧ ಮಾತ್ರ ಬಳಕೆ. ಕಾಮನ್ ಕ್ಯಾಥೋಡ್, ಬಿ-ಪ್ಲಸ್ (ವಾಲ್ವಿನ ಹೈ ವೋಲ್ಟೇಜ್ ಸಪ್ಲೈ) 280 ವೋಲ್ಟ್, ಪ್ಲೇಟ್ ರೆಸಿಸ್ಟರ್ 47ಕೆ (ಕಿಲೋಓಮ್), ಪ್ಲೇಟ್‌ನಲ್ಲಿ ಸುಮಾರು 150 ವೋಲ್ಟ್. ಕ್ಯಾಥೋಡ್ ರೆಸಿಸ್ಟರ್‌ಗೆ ಬೈಪಾಸ್ ಕೆಪಾಸಿಟರ್ ಇದೆ. ಔಟ್‌ಪುಟ್ ಕೆಪಾಸಿಟರ್ 0.22 ಮೈಕ್ರೋಫ್ಯಾರಡ್. ವಾಲ್ಯೂಮ್ ಪಾಟ್ (ಗುಂಡಿಯ ಹಿಂದಿನ ರೆಸಿಸ್ಟರ್) 100ಕೆ, ವಾಲ್ವಿಗಿಂತ ಮೊದಲು.

ಪವರ್ ಆಂಪ್: 8 ಓಮ್‌ಗೆ 150 ವ್ಯಾಟ್, ಗೇನ್ (ಸಿಗ್ನಲ್ ಹೆಚ್ಚಿಸೋ ಪ್ರಮಾಣ) 29 ಡಿಬಿ, ಆರ್‌ಸಿಎ ಇನ್‌ಪುಟ್ 10ಕೆ. ಡ್ಯಾಕ್‌ನಿಂದ (ಡಿಜಿಟಲ್ ಹಾಡನ್ನು ಅನಲಾಗ್ ಮಾಡೋ ಪೆಟ್ಟಿಗೆ) 2 ವೋಲ್ಟ್ ಬರುತ್ತೆ. ಸ್ಪೀಕರ್ ಸೆನ್ಸಿಟಿವಿಟಿ 91 ಡಿಬಿ.

ಹಳೇ ಇಎಲ್34 ವಾಲ್ವ್ ಪವರ್ ಆಂಪ್ (ಇನ್‌ಪುಟ್ 100ಕೆ) ಜೊತೆ ಇದೇ ಪ್ರೀಆಂಪ್ ಚೆನ್ನಾಗಿತ್ತು. ಈಗ ಮೃದಂಗದ ಎಡಭಾಗಕ್ಕೆ ತೂಕವೇ ಇಲ್ಲ, ಹಾಡು ನಿಂತಾಗ ಸುಂಯ್ ಅನ್ನೋದು ಕುಳಿತ ಜಾಗಕ್ಕೇ ಕೇಳುತ್ತೆ, ಸಣ್ಣ ಶಬ್ದದಲ್ಲಿ ಎಡ-ಬಲ ಸಮ ಇಲ್ಲ. ಕರೆಂಟ್ ಹೋಗಿ ಬಂದರೆ ಸ್ಪೀಕರ್‌ನಲ್ಲಿ ಧಬ್! ದುಬಾರಿ ಆಂಪ್, ಭಯ ಆಗುತ್ತೆ. ಪ್ರೀಆಂಪೇ ಬದಲಿಸಬೇಕಾ?

ಹಾಸನ_ಓಮ್

ಬೇಡ ಸ್ವಾಮಿ. ಎರಡೂ ಪೆಟ್ಟಿಗೆ ಸರಿಯಾಗೇ ಇವೆ, ಜೋಡಿ ಹೊಂದಿಲ್ಲ ಅಷ್ಟೆ.

ಆ ಕರೆಂಟಿನಲ್ಲಿ (ಸುಮಾರು 2.8 ಮಿಲಿಆಂಪ್) 12ಎಯು7 ಒಳಗಿನ ಪ್ಲೇಟ್ ರೆಸಿಸ್ಟೆನ್ಸ್ 10ಕೆ ಆಸುಪಾಸು. 47ಕೆಗೆ ಸಮಾನಾಂತರ ಇಟ್ಟರೆ ಔಟ್‌ಪುಟ್ ಇಂಪೀಡೆನ್ಸ್ (ಎಸಿ ಸಿಗ್ನಲ್‌ಗೆ ಕಾಣೋ ಒಳಗಿನ ಅಡ್ಡಿ) ಸುಮಾರು 8ಕೆ. ಅದಕ್ಕೆ ನೀವು 10ಕೆ ಹೊರೆ ಹಾಕಿದ್ದೀರಿ. ಹೊರೆ ಕನಿಷ್ಠ ಹತ್ತು ಪಟ್ಟು ಇರಲಿ ಅನ್ನೋದು ವಾಡಿಕೆ; ನಿಮ್ಮದು ಒಂದೂಕಾಲು ಪಟ್ಟು.

ಬಾಸ್ ಹೋಗೋದು ಕೆಪಾಸಿಟರ್‌ನಿಂದ. 0.22 ಮೈಕ್ರೋಫ್ಯಾರಡ್‌ಗೆ ಒಟ್ಟು 18ಕೆ (8 + 10) ಸಿಕ್ಕರೆ 40 ಹರ್ಟ್ಸ್‌ನಲ್ಲೇ 3 ಡಿಬಿ ಕೆಳಗೆ. ಹಳೇ ಆಂಪ್‌ನಲ್ಲಿ ಒಟ್ಟು 108ಕೆ ಇತ್ತು, ಅಲ್ಲಿ ಈ ಲೆಕ್ಕ 6.7 ಹರ್ಟ್ಸ್‌ಗೆ ಬರುತ್ತೆ. ಅದಕ್ಕೇ ಅಲ್ಲಿ ತೊಂದರೆ ಗೊತ್ತಾಗಲಿಲ್ಲ.

ಇನ್ನು ಗೇನ್. ಪವರ್ ಆಂಪ್ ಪೂರ್ತಿ 150 ವ್ಯಾಟ್ ಕೊಡಲು ಬೇಕಾದ್ದು 1.23 ವೋಲ್ಟ್. ನಿಮ್ಮ ವಾಲ್ವ್ ಸುಮಾರು 14 ಪಟ್ಟು ಹೆಚ್ಚಿಸುತ್ತೆ. 10ಕೆ ಹೊರೆಯಲ್ಲಿ ಕಳೆದುಕೊಂಡ ಮೇಲೂ 15 ವೋಲ್ಟ್ ದಾಟುತ್ತೆ. 22 ಡಿಬಿ ದಂಡ! ಮನೆಯಲ್ಲಿ ಕೇಳೋ 1 ವ್ಯಾಟ್‌ಗೆ ಪಾಟ್ 44 ಡಿಬಿ ಇಳಿಸಬೇಕು, ಅಷ್ಟು ಕೆಳಗೆ ಪಾಟ್‌ನ ಎರಡು ಟ್ರ್ಯಾಕ್ ಯಾವತ್ತೂ ಸಮ ಇರಲ್ಲ. ಸುಂಯ್ ಶಬ್ದ ಪಾಟ್‌ನಿಂದಾಚೆ ವಾಲ್ವಿನಲ್ಲೇ ಹುಟ್ಟೋದರಿಂದ ವಾಲ್ಯೂಮ್ ಇಳಿಸಿದರೂ ಇಳಿಯೋದಿಲ್ಲ.

ಗೇನ್ ದಂಡಿಯಾಗಿದೆ, ಹೊರೆ ಭಾರವಾಗಿದೆ. ಒಂದನ್ನು ಕೊಟ್ಟು ಇನ್ನೊಂದನ್ನು ಕೊಳ್ಳಿ. ಚಾನೆಲ್‌ಗೊಂದು 68ಕೆ, ಕಾಲು ವ್ಯಾಟ್, 1% ಮೆಟಲ್ ಫಿಲ್ಮ್ ರೆಸಿಸ್ಟರ್ ತಂದು, ಪವರ್ ಆಂಪ್ ಕಡೆಯ ಆರ್‌ಸಿಎ ಪ್ಲಗ್ ಒಳಗೆ ಸೆಂಟರ್ ಪಿನ್‌ಗೆ ಸೀರೀಸ್‌ನಲ್ಲಿ ಬೆಸುಗೆ ಹಾಕಿ, ಮೇಲೆ ಸ್ಲೀವ್ ಹಾಕಿ. ಪ್ರೀಆಂಪ್‌ಗೆ ಕಾಣೋ ಹೊರೆ 78ಕೆ ಆಯ್ತು. ಬಾಸ್ 8.4 ಹರ್ಟ್ಸ್‌ವರೆಗೆ ಇಳೀತು, ಕೆಪಾಸಿಟರ್ ಮುಟ್ಟದೆ. ಸಿಗ್ನಲ್ಲೂ ಸುಂಯ್ ಶಬ್ದವೂ ಒಟ್ಟಿಗೆ 13–14 ಡಿಬಿ ಇಳಿದು, ಪಾಟ್ ಹತ್ತು ಗಂಟೆ ಕಡೆ ಬರುತ್ತೆ. ಇಷ್ಟಾದರೂ ಪೂರ್ತಿ ಪವರ್‌ಗೆ ಬೇಕಾದ್ದಕ್ಕಿಂತ 8 ಡಿಬಿ ಮಿಗುತ್ತೆ.

ರೆಸಿಸ್ಟರ್ ಪ್ರೀಆಂಪ್ ಕಡೆ ಹಾಕಬೇಡಿ. ಆಗ ಕೇಬಲ್‌ನ ಕೆಪಾಸಿಟೆನ್ಸ್ ಅದರ ಮುಂದೆ ಕೂತು ಮೇಲಿನ ಸ್ವರವನ್ನು ತುಸು ಹೆಚ್ಚು ತಿನ್ನುತ್ತೆ.

ಸಕಲೇಶಪುರ_ಕ್ಯಾಥೋಡ್

68ಕೆ ಉಪಾಯ ಒಪ್ಪುತ್ತೇನೆ, ಆದರೆ ಖಾಲಿ ಬಿದ್ದಿರೋ ಇನ್ನರ್ಧ ವಾಲ್ವನ್ನು ಕ್ಯಾಥೋಡ್ ಫಾಲೋವರ್ (ಗೇನ್ ಕೊಡದೆ ಹೊರೆ ಹೊರೋ ಬಫರ್) ಮಾಡೋದೇ ನನಗೆ ಇಷ್ಟ. ಔಟ್‌ಪುಟ್ ಇಂಪೀಡೆನ್ಸ್ 8ಕೆಯಿಂದ 600 ಓಮ್ ಆಸುಪಾಸಿಗೆ ಬರುತ್ತೆ. ಮೊದಲ ಅರ್ಧದ ಪ್ಲೇಟ್‌ಗೆ ನೇರ ಜೋಡಿಸಿದರೆ ಫಾಲೋವರ್‌ನ ಕ್ಯಾಥೋಡ್ 150 ವೋಲ್ಟ್ ಮೇಲೆ ಕೂರುತ್ತೆ, ಹಾಗಾಗಿ ಹೀಟರ್ (ವಾಲ್ವ್ ಬಿಸಿ ಮಾಡೋ ತಂತಿ) ಲೈನನ್ನು ಡಿವೈಡರ್ ಮೂಲಕ 60–80 ವೋಲ್ಟ್ ಮೇಲೆತ್ತಿ. ಇಲ್ಲದಿದ್ದರೆ ಹೀಟರ್-ಕ್ಯಾಥೋಡ್ ಮಧ್ಯೆ ಲೀಕ್ ಆಗಿ ಗುಂಯ್ ಶುರು. ಔಟ್‌ಪುಟ್‌ಗೆ 2.2 ಮೈಕ್ರೋಫ್ಯಾರಡ್, 400 ವೋಲ್ಟ್ ಪಾಲಿಪ್ರೊಪಿಲೀನ್ ಬೇಕು. ಹಾಸನದಲ್ಲಿ ಸಿಗದಿದ್ದರೆ ಬೆಂಗಳೂರು ಎಸ್‌ಪಿ ರೋಡ್. ಮಿಕ್ಕ ಗೇನ್ ಮಾತ್ರ ಹಾಗೇ ಉಳಿಯುತ್ತೆ, ಅದಕ್ಕೆ ಪ್ಯಾಡ್ (ಸಿಗ್ನಲ್ ತಗ್ಗಿಸೋ ರೆಸಿಸ್ಟರ್) ಹಾಕಲೇಬೇಕು. ಒಳಗೆ ಕೈ ಹಾಕೋ ಮುಂಚೆ ಫಿಲ್ಟರ್ ಕೆಪಾಸಿಟರ್ ಪೂರ್ತಿ ಖಾಲಿಯಾಗಿದೆಯಾ ಮೀಟರ್ ಹಿಡಿದು ನೋಡಿ.

ಧಬ್ ಶಬ್ದದ್ದು ಬೇರೆ ಕಥೆ, ಅದನ್ನು ಹಗುರವಾಗಿ ತಗೋಬೇಡಿ ಮಾರಾಯ್ರೆ. ಕರೆಂಟ್ ಬಂದ ಕೂಡಲೇ ಬಿ-ಪ್ಲಸ್ ಏರುತ್ತೆ, ವಾಲ್ವ್ ಇನ್ನೂ ತಣ್ಣಗಿರುತ್ತೆ, ಆ ಏರಿಕೆ ಔಟ್‌ಪುಟ್ ಕೆಪಾಸಿಟರ್ ದಾಟಿ ಸೀದಾ ಪವರ್ ಆಂಪ್‌ಗೆ ನುಗ್ಗುತ್ತೆ. ಕೆಪಾಸಿಟರ್ ದೊಡ್ಡದಾದಷ್ಟೂ ಏಟು ಉದ್ದ. 68ಕೆ ಹಾಕಿದರೆ ತಗ್ಗುತ್ತೆ, ಹೋಗಲ್ಲ.

ಮ್ಯೂಟ್ ರಿಲೇ ಕಟ್ಟಿ: 12 ವೋಲ್ಟ್, ಎರಡು ಚೇಂಜ್‌ಓವರ್ ಇರೋ ಸಿಗ್ನಲ್ ರಿಲೇ. ಔಟ್‌ಪುಟ್ ಕೆಪಾಸಿಟರ್ ಆದ ಮೇಲೆ, ಸುಮ್ಮನಿದ್ದಾಗ ಮುಚ್ಚಿರೋ ಕಾಂಟ್ಯಾಕ್ಟ್ ಸಿಗ್ನಲನ್ನು ಗ್ರೌಂಡಿಗೆ ಹಿಡಿದಿರಬೇಕು. ಎನ್‌ಇ555 ಟೈಮರ್‌ಗೆ 470ಕೆ ಮತ್ತು 100 ಮೈಕ್ರೋಫ್ಯಾರಡ್ ಹಾಕಿದರೆ ಸುಮಾರು 52 ಸೆಕೆಂಡ್. ಇಲ್ಲಿ ಎರಡು ಕಡೆ ಜನ ಎಡವುತ್ತಾರೆ. ಒಂದು, ರಿಲೇ ಸಪ್ಲೈಗೆ 2200 ಮೈಕ್ರೋಫ್ಯಾರಡ್ ಹಾಕೋದು. ಕರೆಂಟ್ ಹೋದ ಮೇಲೂ ರಿಲೇ ಎಳೆದುಕೊಂಡೇ ಇರುತ್ತೆ. 100 ಸಾಕು. ಇನ್ನೊಂದು, ಮಳೆಗಾಲದಲ್ಲಿ ಕರೆಂಟ್ ಕಣ್ಣು ಮಿಟುಕಿಸಿದಂತೆ ಹೋಗಿ ಬಂದರೆ ಟೈಮಿಂಗ್ ಕೆಪಾಸಿಟರ್ ಖಾಲಿಯಾಗಿರಲ್ಲ, ರಿಲೇ ಕಾಯದೆ ಸಿಗ್ನಲನ್ನು ತಕ್ಷಣ ಬಿಟ್ಟುಬಿಡುತ್ತೆ. 470ಕೆಗೆ ಅಡ್ಡಲಾಗಿ ಒಂದು 1ಎನ್4148 ಡಯೋಡ್, ಪಟ್ಟಿ ಇರೋ ತುದಿ ಸಪ್ಲೈ ಕಡೆ.

ಪವರ್ ಆಂಪ್‌ಗೆ ತೋಟದ ಪಂಪ್ ಸ್ಟಾರ್ಟರ್ ತತ್ವವೇ ಸಾಕು: ಹಸಿರು-ಕೆಂಪು ಬಟನ್, 230 ವೋಲ್ಟ್ ಕಾಯಿಲ್ ಕಾಂಟ್ಯಾಕ್ಟರ್. ಕರೆಂಟ್ ಹೋದರೆ ಬಿಡುತ್ತೆ, ಬಂದರೆ ತಾನಾಗಿ ಹಿಡಿಯಲ್ಲ.

ಮಲ್ಲಂದೂರು_ಟ್ರಯೋಡ್

ಇಬ್ಬರಿಗೂ ಧನ್ಯವಾದ. ಮೊದಲು 68ಕೆ, ಆಮೇಲೆ ರಿಲೇ. ಪವರ್ ಆಂಪ್‌ಗಳನ್ನು ಸ್ಪೀಕರ್ ಪಕ್ಕ ಇಟ್ಟು 8 ಮೀಟರ್ ಆರ್‌ಸಿಎ ಎಳೆಯಬಹುದಾ? ವೋಲ್ಟೇಜ್ ಇಲ್ಲಿ ಸಂಜೆ 195, ನಡುರಾತ್ರಿ 250.

ಹಾಸನ_ಓಮ್

ಮೀಟರ್‌ಗೆ 100 ಪಿಕೋಫ್ಯಾರಡ್ ಕೇಬಲ್ ಆದರೆ ಒಟ್ಟು 800. 8ಕೆ ಜೊತೆ 25 ಕಿಲೋಹರ್ಟ್ಸ್‌ನಲ್ಲಿ 3 ಡಿಬಿ, ಅಂದರೆ 20 ಕಿಲೋಹರ್ಟ್ಸ್‌ನಲ್ಲಿ ಸುಮಾರು 2 ಡಿಬಿ ಕಮ್ಮಿ. 2 ಮೀಟರ್ ಒಳಗಿರಲಿ. 8 ಮೀಟರೇ ಬೇಕಂದ್ರೆ ಸಕಲೇಶಪುರದವರ ಫಾಲೋವರ್ ಕಟ್ಟಿ.

8ಕೆ ನನ್ನ ಅಂದಾಜು, ನೀವೇ ಅಳೆದುಬಿಡಿ. ಪ್ರೀಆಂಪ್ ಔಟ್‌ಪುಟ್‌ನಿಂದ ಪವರ್ ಆಂಪ್ ಕೇಬಲ್ ತೆಗೆದು, 400 ಹರ್ಟ್ಸ್ ಟೋನ್ ಹಾಕಿ, ಎಸಿ 1 ವೋಲ್ಟ್‌ಗೆ ನಿಲ್ಲಿಸಿ. ನಂತರ ಔಟ್‌ಪುಟ್‌ಗೆ 10ಕೆ ಅಡ್ಡ ಹಾಕಿ ಮತ್ತೆ ಓದಿ. 0.56 ಬಂದರೆ ಲೆಕ್ಕ ಸರಿ.

ವೋಲ್ಟೇಜಿಗೆ ಸರ್ವೋ ಸ್ಟೆಬಿಲೈಸರ್ ಬೇಕೇ ಬೇಕು. 230ಕ್ಕೆ 6.3 ಇರೋ ಹೀಟರ್ 195ರಲ್ಲಿ 5.3ಕ್ಕೆ ಇಳಿಯುತ್ತೆ, 250ರಲ್ಲಿ 6.85; ಹತ್ತು ಪರ್ಸೆಂಟ್ ಆಚೀಚೆ ಮಾತ್ರ ಸಹಿಸೋದು. ಇನ್ವರ್ಟರ್ ಪ್ಯೂರ್ ಸೈನ್ ಅಲ್ಲದಿದ್ದರೆ ಟ್ರಾನ್ಸ್‌ಫಾರ್ಮರ್ ಝೇಂಕರಿಸುತ್ತೆ. ಗುಂಯ್ ಬಂದರೆ ಪ್ರೀಆಂಪ್, ಪವರ್ ಆಂಪ್ ಎರಡನ್ನೂ ಒಂದೇ ಬೋರ್ಡಿಗೆ ಹಾಕಿ, ಪ್ಲಗ್‌ನ ಅರ್ಥ್ ಪಿನ್ ಮಾತ್ರ ಯಾವ ಕಾರಣಕ್ಕೂ ಕೀಳಬೇಡಿ.

ಜೋಡಿಸೋ ಮುಂಚೆ ಒಂದೇ ಒಂದು ಕೆಲಸ. ಪ್ರೀಆಂಪ್ ಕಾಲು ಗಂಟೆ ಬಿಸಿಯಾಗಲಿ, ಔಟ್‌ಪುಟ್‌ಗೆ 10ಕೆ ಹಾಕಿ ಡಿಸಿ ನೋಡಿ. ಒಂದೆರಡು ಮಿಲಿವೋಲ್ಟ್ ಪರವಾಗಿಲ್ಲ. 50 ಇದ್ದರೆ ಔಟ್‌ಪುಟ್ ಕೆಪಾಸಿಟರ್ ಲೀಕ್; ಇನ್‌ಪುಟ್‌ನಲ್ಲಿ ಡಿಸಿ ತಡೆಯದ ಆಂಪ್ ಅದನ್ನು 28 ಪಟ್ಟು ಮಾಡಿ 1.4 ವೋಲ್ಟ್ ಡಿಸಿ ಸೀದಾ ವೂಫರ್‌ಗೆ ಕೊಡುತ್ತೆ. 630 ವೋಲ್ಟಿನ ಹೊಸದು ಹಾಕಿದ ಮೇಲೇ ಮುಂದಿನ ಮಾತು.