60 ದಿನದ ಗಡುವು ಇದ್ದರೂ ಅಮೆರಿಕ ಅಧ್ಯಕ್ಷರ ಯುದ್ಧ ಯಾಕೆ ನಿಲ್ಲುವುದಿಲ್ಲ?

ಸಂಜೆಓದು:
ಅಮೆರಿಕದ 1973ರ ಯುದ್ಧಾಧಿಕಾರ ಕಾಯ್ದೆ ಓದುತ್ತಿದ್ದೆ. ಸೇನೆ ಕಳಿಸಿದ 48 ಗಂಟೆಯೊಳಗೆ ಅಧ್ಯಕ್ಷರು ಕಾಂಗ್ರೆಸ್‌ಗೆ, ಅಂದರೆ ಅಲ್ಲಿನ ಸಂಸತ್ತಿಗೆ, ವರದಿ ಕೊಡಬೇಕು. ಒಪ್ಪಿಗೆ ಸಿಗದಿದ್ದರೆ 60 ದಿನಕ್ಕೆ ನಿಲ್ಲಿಸಬೇಕು. ಸೇನೆ ಕ್ಷೇಮವಾಗಿ ವಾಪಸ್ ಬರಲು ಬೇಕಿದ್ದರೆ ಇನ್ನು 30 ದಿನ. ಇಷ್ಟು ಸ್ಪಷ್ಟವಾಗಿದ್ದರೂ ಯಾರೂ ಕ್ಯಾರೇ ಅನ್ನುವುದಿಲ್ಲವಲ್ಲ? ಕಾಯ್ದೆಯಲ್ಲೇ ತೂತಿದೆಯಾ, ಕಾಂಗ್ರೆಸ್‌ಗೇ ಮನಸ್ಸಿಲ್ಲವಾ?

ಹಳೇಮೇಷ್ಟ್ರು:
ಎರಡೂ. ನಾನು ಈ ಪಾಠ ಮಾಡುತ್ತಿದ್ದಾಗ ಹುಡುಗರು ಯಾವಾಗಲೂ 60 ದಿನದ ಲೆಕ್ಕಕ್ಕೇ ಅಂಟಿಕೊಳ್ಳುತ್ತಿದ್ದರು. ಪೆಟ್ಟು ಬಿದ್ದದ್ದು ವೋಟಿನ ಲೆಕ್ಕಕ್ಕೆ.

ಕಾಯ್ದೆ ಬರೆದವರು ಒಂದು ಗಟ್ಟಿ ಅಸ್ತ್ರ ಇಟ್ಟಿದ್ದರು. ಕಾಂಗ್ರೆಸ್‌ನ ಎರಡೂ ಸದನಗಳು (ಸೆನೆಟ್, ಪ್ರತಿನಿಧಿ ಸಭೆ) ಸರಳ ಬಹುಮತದಿಂದ ನಿರ್ಣಯ ಮಾಡಿದರೆ ಸಾಕು, ಸೇನೆ ವಾಪಸ್ ಬರಬೇಕು. ಅಧ್ಯಕ್ಷರ ಸಹಿ ಬೇಕಿರಲಿಲ್ಲ. 1983ರಲ್ಲಿ ಚಡ್ಡಾ ಮೊಕದ್ದಮೆ ಬಂತು. ಅದು ವಲಸೆಯ ಕೇಸು, ಯುದ್ಧಕ್ಕೂ ಅದಕ್ಕೂ ಸಂಬಂಧವೇ ಇಲ್ಲ! ಆದರೆ ಸಹಿಗೆ ಹೋಗದ ಇಂಥ ನಿರ್ಣಯಗಳು ನಡೆಯುವುದಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಈ ಅಸ್ತ್ರವೂ ಮೊಂಡಾಯಿತು. ಈಗ ಯುದ್ಧ ನಿಲ್ಲಿಸುವ ನಿರ್ಣಯ ಯುದ್ಧ ಮಾಡುತ್ತಿರುವವರ ಮೇಜಿಗೇ ಸಹಿಗೆ ಹೋಗಬೇಕು. ಅವರು ವೀಟೊ ಹಾಕಿ ತಡೆದರೆ ಅದನ್ನು ಮೀರಲು ಎರಡೂ ಸದನಗಳಲ್ಲಿ ಮೂರನೇ ಎರಡರಷ್ಟು ವೋಟು ಬೇಕು.

2019ರಲ್ಲಿ ಯೆಮನ್ ಯುದ್ಧಕ್ಕೆ ಅಮೆರಿಕದ ನೆರವು ನಿಲ್ಲಿಸುವ ನಿರ್ಣಯಕ್ಕೆ ಆದದ್ದು ಇದೇ. ಎರಡೂ ಸದನಗಳು ಒಪ್ಪಿದವು, ಟ್ರಂಪ್ ವೀಟೊ ಹಾಕಿದರು. ಅದನ್ನು ತಳ್ಳಿಹಾಕಲು ಸೆನೆಟ್‌ನಲ್ಲಿ 53 ವೋಟು ಬಿತ್ತು, ಎದುರು 45. ಜಾಸ್ತಿ ವೋಟು ಪಡೆದವರೇ ಸೋತರು. ಸಂವಿಧಾನದ ಪ್ರಕಾರ ಯುದ್ಧ ಘೋಷಿಸಲು ಕಾಂಗ್ರೆಸ್‌ನ ಬಹುಮತ ಬೇಕು. ನಿಲ್ಲಿಸಲು ಅದಕ್ಕಿಂತ ಜಾಸ್ತಿ ಬೇಕು ಅಂದರೆ ತಲೆಕೆಳಗು ಅಲ್ವಾ?

ಕಾನೂನುಕಿಟಕಿ:
ಮೇಷ್ಟ್ರೇ, ಗಡುವಿನ ಕಥೆಯನ್ನೂ ಹೇಳಿ. 2011ರಲ್ಲಿ ಲಿಬಿಯಾ ಮೇಲೆ ಬಾಂಬ್ ಹಾಕುತ್ತಲೇ 60 ದಿನ ದಾಟಿತು. ನೆಲದ ಮೇಲೆ ಅಮೆರಿಕದ ಪಡೆಗಳಿಲ್ಲ, ಅವರಿಗೆ ಅಪಾಯವೂ ಕಡಿಮೆ, ಹಾಗಾಗಿ ಇದಕ್ಕೆ ಗಡುವೇ ಅನ್ವಯಿಸದು ಅಂತ ಒಬಾಮಾ ಸರ್ಕಾರ ವಾದಿಸಿತು. ಡ್ರೋನ್ ಕಾಲದಲ್ಲಿ ಈ ವಾದ ಎಲ್ಲಿಗೆ ಹೋಗಿ ಮುಟ್ಟುತ್ತೋ! ಕೋರ್ಟಿಗೆ ಹೋಗಬಹುದಲ್ಲ?

ಹಳೇಮೇಷ್ಟ್ರು:
ಹೋಗಿ ನೋಡಿದ್ದಾರೆ. 1999ರಲ್ಲಿ ಕೊಸೊವೊಗಾಗಿ ಯುಗೊಸ್ಲಾವಿಯಾ ಮೇಲೆ ನಡೆದ ಬಾಂಬ್ ದಾಳಿ 78 ದಿನ ಎಳೆಯಿತು. ಕೆಲವು ಸಂಸದರು ಅಧ್ಯಕ್ಷ ಕ್ಲಿಂಟನ್ ಮೇಲೆ ದಾವೆ ಹೂಡಿದರು. ದಾವೆ ಹೂಡುವ ಹಕ್ಕೇ ನಿಮಗಿಲ್ಲ ಅಂತ ಕೋರ್ಟು ವಾಪಸ್ ಕಳಿಸಿತು. ಇನ್ನು ಪ್ರತಿನಿಧಿ ಸಭೆಯ ಕಥೆ ಕೇಳಿ. ವಾಯುದಾಳಿಗೆ ಬೆಂಬಲ ಕೊಡುವ ನಿರ್ಣಯಕ್ಕೆ 213-213 ಸಮ ವೋಟು ಬಿದ್ದು ಅದು ಬಿದ್ದುಹೋಯಿತು. ಆಮೇಲೆ ಕಾಂಗ್ರೆಸ್ ಅದೇ ದಾಳಿಗೆ ದುಡ್ಡು ಮಂಜೂರು ಮಾಡಿತು!

ಸಂಜೆಓದು:
ಹಾಗಾದರೆ ಕೆಲಸಕ್ಕೆ ಬರುವುದು ಯಾವುದು ಸರ್?

ಹಳೇಮೇಷ್ಟ್ರು:
ದುಡ್ಡಿನ ಗಂಟು. 1973ರ ಬೇಸಿಗೆಯಲ್ಲಿ, ವಿಯೆಟ್ನಾಂ ಯುದ್ಧದ ಭಾಗವಾಗಿದ್ದ ಕಾಂಬೋಡಿಯಾ ದಾಳಿಗೆ ಹಣ ನಿಲ್ಲಿಸುವ ಮಸೂದೆಗೆ ಅಧ್ಯಕ್ಷ ನಿಕ್ಸನ್ ವೀಟೊ ಹಾಕಿದರು. ಕಾಂಗ್ರೆಸ್ ಪಟ್ಟು ಬಿಡಲಿಲ್ಲ. ಸರ್ಕಾರ ನಡೆಸಲು ಬೇಕಾದ ಹಣದ ಮಸೂದೆಗೇ ಅದನ್ನು ಕಟ್ಟಿತು, ಆಗಸ್ಟ್ 15ರವರೆಗೆ ಸಮಯ ಕೊಟ್ಟಿತು. ನಿಕ್ಸನ್ ಸಹಿ ಹಾಕಿದರು. ಆ ತಾರೀಖಿಗೆ ಬಾಂಬ್ ದಾಳಿ ನಿಂತಿತು. ಯುದ್ಧಾಧಿಕಾರ ಕಾಯ್ದೆ ಜಾರಿಗೆ ಬಂದದ್ದು ಆಮೇಲೆ, ನವೆಂಬರ್ 7ಕ್ಕೆ.

ಕಾನೂನುಕಿಟಕಿ:
ಒಪ್ಪಿದೆ. ಆದರೆ ಅಷ್ಟರಲ್ಲಿ ಅಮೆರಿಕದ ಪಡೆಗಳು ವಿಯೆಟ್ನಾಂನಿಂದ ಮನೆಗೆ ಬಂದಾಗಿತ್ತು, ಮಾರ್ಚ್‌ನಲ್ಲೇ. ಹುಡುಗರು ಇನ್ನೂ ರಣರಂಗದಲ್ಲಿದ್ದಿದ್ದರೆ ಆ ಮಸೂದೆಗೆ ಕೈ ಎತ್ತುವ ಧೈರ್ಯ ಎಷ್ಟು ಜನಕ್ಕೆ ಇರುತ್ತಿತ್ತು?