ಕ್ಯಾನ್ಸೆಲೊ ಯಾಕೆ ಯಾವ ಕ್ಲಬ್ಬಿನಲ್ಲೂ ನೆಲೆ ನಿಲ್ಲುವುದಿಲ್ಲ?

ಆಫ್‌ಸೈಡ್ ಅಣ್ಣ:
ಪೋರ್ಚುಗಲ್‌ನ ಫುಟ್‌ಬಾಲ್ ಆಟಗಾರ ಜೊವಾವ್ ಕ್ಯಾನ್ಸೆಲೊ ಬಗ್ಗೆ ಗೊತ್ತಿರುವವರು ಸ್ವಲ್ಪ ಹೇಳಿ. ಬೆನ್ಫಿಕಾ, ವೆಲೆನ್ಸಿಯಾ, ಇಂಟರ್, ಯುವೆಂಟಸ್, ಮ್ಯಾಂಚೆಸ್ಟರ್ ಸಿಟಿ, ಬಯರ್ನ್, ಬಾರ್ಸಿಲೋನಾ, ಸೌದಿಯ ಅಲ್ ಹಿಲಾಲ್, 2026ರ ಜನವರಿಯಲ್ಲಿ ಲೋನ್ ಮೇಲೆ (ಅಂದರೆ ಸ್ವಲ್ಪ ಕಾಲಕ್ಕೆ ಎರವಲಾಗಿ) ಮತ್ತೆ ಬಾರ್ಸಿಲೋನಾ. ಓದುತ್ತಾ ಹೋದರೆ ರೈಲ್ವೆ ಟೈಮ್‌ಟೇಬಲ್ ಥರ ಇದೆ. ಇಷ್ಟು ಚೆನ್ನಾಗಿ ಆಡುವ ರೈಟ್ ಬ್ಯಾಕನ್ನು (ಬಲಬದಿಯ ಡಿಫೆಂಡರ್) ಎಲ್ಲರೂ ಯಾಕೆ ಬಿಟ್ಟುಕೊಡುತ್ತಾರೆ? ಬೆಂಚ್ ಮೇಲೆ ಕೂರಿಸಿದರೆ ಮುನಿಸಿಕೊಳ್ಳುತ್ತಾನೆ ಅಂತಾರಲ್ಲ, ಅಷ್ಟೇನಾ?

ಎಡಗಾಲು ಗೋಪಿ:
ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ ಅಣ್ಣ. ಮೊದಲಿನ ಬದಲಾವಣೆಗಳೆಲ್ಲ ಮೇಲಕ್ಕೆ ಹೋದವು. 2017-18ರಲ್ಲಿ ವೆಲೆನ್ಸಿಯಾದಿಂದ ಲೋನ್ ಮೇಲೆ ಇಂಟರ್‌ಗೆ ಬಂದ, ಚೆನ್ನಾಗಿಯೇ ಆಡಿದ, ಆದರೆ ಸುಮಾರು 3.5 ಕೋಟಿ ಯೂರೊ ಕೊಟ್ಟು ಉಳಿಸಿಕೊಳ್ಳಲು ಇಂಟರ್‌ಗೆ ಆಗಲಿಲ್ಲ. ಯುವೆಂಟಸ್ 4 ಕೋಟಿ ಕೊಟ್ಟು ಎತ್ತಿಕೊಂಡಿತು. ಒಂದೇ ವರ್ಷ, ಲೀಗ್ ಗೆದ್ದ. 2019ರಲ್ಲಿ ಸಿಟಿಯವರು ತಮ್ಮ ಆಟಗಾರ ಡನಿಲೊನನ್ನು ಕೊಟ್ಟು, ಮೇಲೆ ಹಣವನ್ನೂ ಸುರಿದು ಕರೆದುಕೊಂಡು ಹೋದರು. ಇದರಲ್ಲಿ ಕೈಬಿಟ್ಟಿದ್ದು ಎಲ್ಲಿ ಬಂತು?

ಮಾವಳ್ಳಿ ಮಿಡ್‌ಫೀಲ್ಡರ್:
ಗೋಪಿ ಹೇಳಿದ್ದು 2022ರವರೆಗೆ ಸರಿ. ನನ್ನ ಪ್ರಕಾರ ಅವನ ಆಟದಲ್ಲೇ ಉತ್ತರ ಇದೆ. ಸಿಟಿಯಲ್ಲಿ ಮೊದಲ ವರ್ಷ ಇನ್ನೊಬ್ಬ ರೈಟ್ ಬ್ಯಾಕ್ ವಾಕರ್ ಹಿಂದೆಯೇ ಕಳೆಯಿತು. ಆಮೇಲೆ ಕೋಚ್ ಗಾರ್ಡಿಯೋಲ ಒಂದು ಕೆಲಸ ಮಾಡಿದರು: ಚೆಂಡು ನಮ್ಮ ಕಾಲಲ್ಲಿದ್ದಾಗ ನೀನು ಮೈದಾನದ ಅಂಚಿನ ಲೈನ್ ಬಿಟ್ಟು ಒಳಗೆ ಬಾ, ಮಿಡ್‌ಫೀಲ್ಡ್‌ನಲ್ಲಿ ನಿಂತುಕೋ ಅಂತ. ಬಲಗಡೆ ವಾಕರ್ ಇದ್ದ ದಿನ ಇವನು ಎಡಗಡೆ. ಹೆಸರಿಗೆ ಡಿಫೆಂಡರ್, ಮಾಡುತ್ತಿದ್ದದ್ದು ಗೋಲ್‌ಗೆ ದಾರಿ ಮಾಡಿಕೊಡುವ ಪ್ಲೇಮೇಕರ್ ಕೆಲಸ. 2021 ನವೆಂಬರ್‌ನ ಎವರ್ಟನ್ ಮ್ಯಾಚ್ ನೋಡಿ. ಎಡಗಡೆಯಿಂದ ಬಲಗಾಲಿನ ಹೊರಬದಿಯಲ್ಲಿ ಒಂದು ಪಾಸ್ ಕೊಟ್ಟ. ಚೆಂಡು ಡಿಫೆಂಡರ್‌ಗಳ ತಲೆ ಮೇಲೆ ಹೋಗಿ, ಬಾಗಿ, ಓಡಿ ಬರುತ್ತಿದ್ದ ಸಿಟಿಯ ಸ್ಟರ್ಲಿಂಗ್ ಕಾಲಿಗೇ ಇಳಿಯಿತು, ಅವನು ನೆಲಕ್ಕೆ ಬೀಳಲೂ ಬಿಡದೆ ಬಾರಿಸಿದ, ಗೋಲ್! ಎಡಗಾಲು ಬಳಸಬೇಕಾದ ಜಾಗದಲ್ಲಿ ಬಲಗಾಲಿನ ಹೊರಬದಿ ಬಳಸುವ ಧೈರ್ಯ ಎಷ್ಟು ಜನರಿಗಿದೆ ಹೇಳಿ.

ತೊಂದರೆ ಏನು ಅಂದರೆ, ಇಂಥವನಿಗೆ ಅಂತಲೇ ತಂಡವನ್ನು ಹೊಂದಿಸಬೇಕು. ಇವನು ಬಿಟ್ಟ ಜಾಗ ಕಾಯಲು ಇನ್ನೊಬ್ಬ ಬೇಕು. ಕೋಚ್ ಮನಸ್ಸು ಬದಲಾದ ದಿನ ಇವನ ಜಾಗವೂ ಹೋಯಿತು.

ಹೆಬ್ಬಾಳ ಹ್ಯಾಟ್ರಿಕ್:
ಹೌದು, ಅದೇ ಆಗಿದ್ದು. ಕತಾರ್ ವಿಶ್ವಕಪ್‌ನಲ್ಲಿ ಗ್ರೂಪ್ ಮ್ಯಾಚ್‌ಗಳಲ್ಲಿ ಆಡಿದವನು ಸ್ವಿಟ್ಜರ್ಲೆಂಡ್ ವಿರುದ್ಧ ಬೆಂಚ್‌ಗೆ ಹೋದ, ಅವನ ಜಾಗದಲ್ಲಿ ದಲೋ ಆಡಿದ, ಪೋರ್ಚುಗಲ್ 6-1ರಲ್ಲಿ ಗೆದ್ದಿತು. ವಾಪಸ್ ಬಂದರೆ ಸಿಟಿಯಲ್ಲಿ ಡಿಫೆಂಡರ್‌ಗಳಾದ ನೇಥನ್ ಆಕೆ ಮತ್ತು ಇನ್ನೂ ಹುಡುಗ ರಿಕೊ ಲೂಯಿಸ್ ಇವನಿಗಿಂತ ಮುಂದೆ ಇದ್ದರು. 2023ರ ಜನವರಿ ಕೊನೆಗೆ ಬಯರ್ನ್‌ಗೆ ಲೋನ್. ಅಲ್ಲಿ ಕರೆಸಿಕೊಂಡ ಕೋಚ್ ನಾಗೆಲ್ಸ್‌ಮನ್‌ರನ್ನೇ ಮಾರ್ಚ್‌ನಲ್ಲಿ ತೆಗೆದರು! ಸಿಟಿ ಆ ವರ್ಷ ಮೂರು ದೊಡ್ಡ ಕಪ್ ಗೆದ್ದಿತು, ಚಾಂಪಿಯನ್ಸ್ ಲೀಗ್ ಕ್ವಾರ್ಟರ್‌ಫೈನಲ್‌ನಲ್ಲಿ ಇವನಿದ್ದ ಬಯರ್ನನ್ನೇ ಹೊರಗೆ ಹಾಕಿತು. ಜರ್ಮನಿಯ ಲೀಗ್ ಬುಂಡೆಸ್‌ಲಿಗಾ ಏನೋ ಬಯರ್ನ್‌ಗೆ ಕೊನೇ ದಿನ ಸಿಕ್ಕಿತು, ಆದರೆ 7 ಕೋಟಿ ಯೂರೊ ಕೊಟ್ಟು ಇಟ್ಟುಕೊಳ್ಳುವ ಮನಸ್ಸು ಬಯರ್ನ್‌ಗೆ ಬರಲಿಲ್ಲ.

ಡಿಫೆನ್ಸ್ ವಿಷಯ ಯಾರೂ ಎತ್ತುತ್ತಿಲ್ಲ ನೋಡಿ. 2024 ಏಪ್ರಿಲ್, ಬಾರ್ಸಿಲೋನಾ ಮತ್ತು ಪ್ಯಾರಿಸ್‌ನ ಪಿಎಸ್‌ಜಿ ನಡುವಿನ ಎರಡನೇ ಲೆಗ್ (ಎರಡು ಮ್ಯಾಚ್‌ಗಳ ಜೋಡಿಯಲ್ಲಿ ಎರಡನೆಯದು), ಆಗ ಇವನು ಬಾರ್ಸಿಲೋನಾದಲ್ಲಿದ್ದ. ಬಾರ್ಸಿಲೋನಾದ ಅರೌಹೊಗೆ ರೆಡ್ ಕಾರ್ಡ್ ಆಗಿ ಹತ್ತೇ ಜನ ಇದ್ದರು ನಿಜ, ಆದರೂ ಗೋಲ್ ಮುಂದಿನ ಬಾಕ್ಸ್ ಒಳಗೆ ಪಿಎಸ್‌ಜಿಯ ಡೆಂಬೆಲೆ ಮೇಲೆ ಹಾಗೆ ಹೋಗಿ ಬೀಳುವುದಾ? ಪೆನಾಲ್ಟಿ, ಎಂಬಾಪೆ ಗೋಲ್, ಕಥೆ ಮುಗಿಯಿತು. ನಿದ್ದೆಗೆಟ್ಟು ನೋಡಿದವರಿಗೆ ಗೊತ್ತು ಆ ಸಂಕಟ.

ಎಡಗಾಲು ಗೋಪಿ:
ಆ ಪೆನಾಲ್ಟಿಗೆ ನನ್ನ ಹತ್ತಿರ ಸಮಜಾಯಿಷಿ ಇಲ್ಲ ಮಗಾ. ಆದರೆ ಮುನಿಸಿಕೊಳ್ಳುತ್ತಾನೆ ಅನ್ನುವವರಿಗೆ ಒಂದು ಮಾತು. 2021ರ ಡಿಸೆಂಬರ್ ಕೊನೆಯಲ್ಲಿ ಮನೆಗೆ ಕಳ್ಳರು ನುಗ್ಗಿ ಮುಖಕ್ಕೆ ಹೊಡೆದು ಹೋದರು. ಹೊಸ ವರ್ಷದ ದಿನ ಅದೇ ಗಾಯದ ಮುಖದಲ್ಲಿ ಆರ್ಸೆನಲ್ ವಿರುದ್ಧ ಆಡಲು ಇಳಿದ. ಅದಕ್ಕೂ ಮುಂಚೆ, 18 ವರ್ಷದವನಿದ್ದಾಗ, ಕಾರ್ ಆಕ್ಸಿಡೆಂಟ್‌ನಲ್ಲಿ ತಾಯಿಯನ್ನು ಕಳೆದುಕೊಂಡವನು, ಅವನೂ ಅದೇ ಕಾರಿನಲ್ಲಿದ್ದ. ಸ್ವಭಾವ ಖಾರ ಇರಬಹುದು, ಮೆತ್ತಗಿನವನಂತೂ ಅಲ್ಲ.

ಆಫ್‌ಸೈಡ್ ಅಣ್ಣ:
ಥ್ಯಾಂಕ್ಸ್ ಎಲ್ಲರಿಗೂ. ಹಾಗಾದರೆ ಸೌದಿಯಲ್ಲಿ ಏನಾಯಿತು? ಅಲ್ಲಿ ದುಡ್ಡೂ ಇತ್ತು, ಜಾಗವೂ ಇತ್ತು ಅಲ್ವಾ?

ಮಾವಳ್ಳಿ ಮಿಡ್‌ಫೀಲ್ಡರ್:
ಮೊದಲ ವರ್ಷ ಇತ್ತು. 2025ರ ಕ್ಲಬ್ ವಿಶ್ವಕಪ್‌ನಲ್ಲಿ ಅಲ್ ಹಿಲಾಲ್ ಪರ ಆಡಿ ಹಳೇ ಸಿಟಿಯನ್ನೇ 4-3ರಲ್ಲಿ ಸೋಲಿಸಿದ, ಆ ಸೇಡು ತೀರಿತು ಅನ್ನಿ. ಆಮೇಲೆ ಹೊಸ ವಿದೇಶಿ ಆಟಗಾರರು ಬಂದರು, ವಿದೇಶಿಯರಿಗೆ ಲೀಗ್‌ನಲ್ಲಿ ಮಿತಿ ಇದೆ, ಇವನ ಹೆಸರೇ ಪಟ್ಟಿಯಿಂದ ಹೊರಗೆ. ಅದಕ್ಕೇ ಬಾರ್ಸಿಲೋನಾಗೆ ವಾಪಸ್.

ಆಫ್‌ಸೈಡ್ ಅಣ್ಣ:
ಸರಿ. ಅವನ ಆಟ ನೋಡಲು ಒಂದೇ ಒಂದು ಮ್ಯಾಚ್ ಹೇಳಿ ಅಂದರೆ?

ಹೆಬ್ಬಾಳ ಹ್ಯಾಟ್ರಿಕ್:
2021 ನವೆಂಬರ್ 6, ಮ್ಯಾಂಚೆಸ್ಟರ್ ಯುನೈಟೆಡ್ ವಿರುದ್ಧ ಅವರದೇ ಮೈದಾನ ಓಲ್ಡ್ ಟ್ರಾಫರ್ಡ್‌ನಲ್ಲಿ. ಸಿಟಿಯ ಎರಡೂ ಗೋಲ್ ಎಡಗಡೆಯಿಂದ ಇವನು ಹಾಕಿದ ಕ್ರಾಸ್‌ನಿಂದಲೇ ಬಂದವು. ಒಂದನ್ನು ಯುನೈಟೆಡ್ ಡಿಫೆಂಡರ್ ಎರಿಕ್ ಬೈಯಿ ತನ್ನ ಗೋಲಿಗೇ ಹೊಡೆದುಕೊಂಡ, ಇನ್ನೊಂದು ಸಿಟಿಯ ಬೆರ್ನಾರ್ಡೊ ಸಿಲ್ವಾಗೆ. ಫಸ್ಟ್ ಹಾಫ್ ನೋಡಿದರೆ ಸಾಕು, ಸೆಕೆಂಡ್ ಹಾಫ್‌ನಲ್ಲಿ ಬರೀ ಪಾಸ್ ಆಟ.