ಮೂಗಲ್ಲದ ಮೂಗು: 'ಆನೆಮೂಗಿನ ಮೀನು' ಸರಿಯೇ?

ಗೆಳೆಯರೇ,

ದಾವಣಗೆರೆಯ ನಮ್ಮ ಮನೆಯ ಪಡಸಾಲೆಯಲ್ಲಿ 250 ಲೀಟರಿನ ಮೀನಿನ ತೊಟ್ಟಿ ಇದೆ. ಅದರಲ್ಲೊಂದು ಎಲಿಫೆಂಟ್‌ನೋಸ್ ಮೀನು. ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ಹೊಳೆಗಳದ್ದು. ನೋಡಲು ಬರುವ ಅಕ್ಕಪಕ್ಕದ ಮಕ್ಕಳಿಗಾಗಿ ಗಾಜಿನ ಪಕ್ಕ ಕನ್ನಡದಲ್ಲಿ ಒಂದು ಚೀಟಿ ಅಂಟಿಸೋಣವೆಂದು ಕೂತೆ. ಮೊದಲ ಪದದಲ್ಲೇ ಪೆನ್ನು ನಿಂತಿತು.

ಇಂಗ್ಲಿಷಿನ ಹೆಸರನ್ನು ಹಾಗೇ ಇಳಿಸಿದರೆ 'ಆನೆಮೂಗಿನ ಮೀನು'. ಆದರೆ ಮುಂದಕ್ಕೆ ಚಾಚಿಕೊಂಡಿರುವುದು ಮೂಗಲ್ಲ, ಗದ್ದ. ಬಾಯಿ ಅದರ ಮೇಲ್ಗಡೆ ಇದೆ, ಹೊಳ್ಳೆಗಳು ಇನ್ನೂ ಮೇಲೆ, ಕಣ್ಣಿನ ಹತ್ತಿರ. ವಿಜ್ಞಾನದ ಹೆಸರು ಈ ತಪ್ಪು ಮಾಡಿಲ್ಲ. ನ್ಯಾಥೊನೀಮಸ್ ಎಂಬುದರಲ್ಲಿ ನ್ಯಾಥೋಸ್ ಎಂದರೆ ಗ್ರೀಕಿನಲ್ಲಿ ದವಡೆ, ನೀಮಾ ಎಂದರೆ ನೂಲು. ದವಡೆಯಿಂದ ಇಳಿದ ನೂಲು!

ಹೆಸರಿನಲ್ಲೇನಿದೆ ಎನ್ನಬೇಡಿ. ನಾನು ಸಾಕಿದ ಮೊದಲ ಮೀನು ಸತ್ತದ್ದಕ್ಕೆ ಈ ಹೆಸರೂ ಒಂದು ಕಾರಣ. ಮೂಗು ತಾನೆ, ವಾಸನೆ ನೋಡುತ್ತದೆ ಎಂದುಕೊಂಡು ತಳಕ್ಕೆ ಒರಟು ಜಲ್ಲಿ ಹಾಕಿದ್ದೆ. ಗದ್ದದ ತುದಿ ಸವೆದು ಹುಣ್ಣಾಯಿತು, ಹುಳು ತಿನ್ನುವುದನ್ನು ಬಿಟ್ಟಿತು. ಆಮೇಲೆ ತಿಳಿಯಿತು: ಬಾಲದ ಬುಡದಲ್ಲಿರುವ ಅಂಗದಿಂದ ಅದು ಸಣ್ಣ ವಿದ್ಯುತ್ ಮಿಡಿತಗಳನ್ನು ಹೊರಡಿಸುತ್ತದೆ. ಸುತ್ತಲಿನ ವಸ್ತುಗಳಿಂದ ಆ ವಿದ್ಯುತ್ತಿನಲ್ಲಾಗುವ ಏರುಪೇರನ್ನು ಮೈಚರ್ಮವೂ, ಎಲ್ಲಕ್ಕಿಂತ ಹೆಚ್ಚಾಗಿ ಆ ಗದ್ದವೂ ಹಿಡಿಯುತ್ತದೆ. ಕತ್ತಲಲ್ಲಿ ಅನ್ನ ಹುಡುಕುವ ಅಂಗ ಅದು. ಅದರ ಮೈಗೆ ಬೇಕಾದ ಆಮ್ಲಜನಕದಲ್ಲಿ ನೂರಕ್ಕೆ ಸುಮಾರು 60 ಭಾಗ ಮೆದುಳಿಗೇ ಹೋಗುತ್ತದಂತೆ. ಈಗ ತಳದಲ್ಲಿ ನುಣುಪು ಮರಳಿದೆ, ಅಡಗಲು ಕೊಳವೆಯಿದೆ, ಬೆಳಕು ಮಂದ.

ಪದಕ್ಕೆ ಬರೋಣ. 'ಆನೆ' ಮುಂದೆ ಬಂದರೆ ಕನ್ನಡದ ಕಿವಿಗೆ 'ದೊಡ್ಡದು' ಎಂದೂ ಕೇಳಿಸುತ್ತದೆ. ಆನೆನೆಗ್ಗಿಲಿಗೆ ಆನೆಯ ನಂಟೇನೂ ಇಲ್ಲ, ಅದು ದಪ್ಪ ನೆಗ್ಗಿಲು, ಅಷ್ಟೇ. ಹಾಗಾಗಿ 'ಆನೆಗದ್ದ' ಎಂದರೆ ಭಾರೀ ಗದ್ದ ಎಂದಾಗಿಬಿಡುತ್ತದೆ. ಇದರದ್ದೋ ಬೆರಳಿನಂಥ ತೆಳು ಗದ್ದ. 'ಗದ್ದ' ಪದದಲ್ಲೂ ತೊಡಕಿದೆ. ನಮ್ಮ ಮನೆಯಲ್ಲಿ ಗಲ್ಲ ಎಂದರೆ ಕೆನ್ನೆ, ಗದ್ದ ಎಂದರೆ ಬಾಯಿಯ ಕೆಳಗಿನದು. ಗದ್ದಕ್ಕೇ ಗಲ್ಲ ಎನ್ನುವವರ ಮಾತನ್ನೂ ಕೇಳಿದ್ದೇನೆ.

ನನ್ನ ಒಲವು 'ಮೂತಿ'ಯ ಕಡೆಗೆ. ಗಿಣಿಮೂತಿ ಮಾವು ಎಲ್ಲರಿಗೂ ಗೊತ್ತು. ಮೂತಿಯೆಂದರೆ ಮುಖದ ಮುಂಭಾಗ, ಮೂಗೋ ಗದ್ದವೋ ಎಂದು ಅದು ಹಟ ಹಿಡಿಯುವುದಿಲ್ಲ. ಜರ್ಮನ್ನರು ಈ ಅಂಗಕ್ಕೆ ಇಟ್ಟಿರುವ ಷ್ನೌಟ್ಸೆನ್‌ಆರ್ಗಾನ್ ಎಂಬ ಹೆಸರೂ 'ಮೂತಿಯ ಅಂಗ' ಎಂದೇ. ಮನುಷ್ಯರಿಗೆ ಹೇಳಿದರೆ ಮೂತಿ ಬೈಗುಳವಾಗುತ್ತದೆ, ಪ್ರಾಣಿಗೆ ಹೇಳಿದರೆ ಆಗದು. 'ಸೊಂಡಿಲಮೂತಿ ಮೀನು' ಎಂದರೆ ಹೇಗೆ? ಸೊಂಡಿಲು ಆನೆಗೆ ಕೈಯೂ ಹೌದು, ಕರಿ, ಹಸ್ತಿ ಎಂಬ ಹೆಸರು ಬಂದದ್ದೇ ಕೈಯಿಂದ. ಈ ಮೀನಿನ ಗದ್ದವೂ ಕೈಯ ಕೆಲಸವನ್ನೇ ಮಾಡುತ್ತದೆ.

ಹಲವು ಜಾತಿಯ ಮೀನುಗಳನ್ನು ಒಟ್ಟಿಗೆ ಸಾಕುವ 'ಕಮ್ಯುನಿಟಿ ಅಕ್ವೇರಿಯಂ'ಗೆ ನಾನು ಕೂಡುಕುಟುಂಬದ ಜಾಡಿನಲ್ಲಿ 'ಕೂಡುತೊಟ್ಟಿ' ಎಂದು ಬರೆದಿದ್ದೇನೆ. 'ಸಮುದಾಯ ಮತ್ಸ್ಯಾಲಯ' ಎಂದರೆ ಊರೊಟ್ಟಿನ ಕಟ್ಟಡ ಕಣ್ಣಿಗೆ ಬರುತ್ತದೆ. ಬಡಿದಾಡುವ, ಹುಳುವನ್ನು ಮೊದಲೇ ಕಸಿಯುವ ಚುರುಕು ಮೀನುಗಳ ಜೊತೆ ನಮ್ಮ ಈ ಮೀನು ಬಾಳದು, ಹೊಂದಿಕೊಳ್ಳುವವುಗಳ ಜೊತೆಯೇ ಇರಬೇಕು. ಅದಕ್ಕೇ 'ಕೂಡು' ಎಂಬುದು ಸರಿಯೆನಿಸಿತು.

ಉಳಿದದ್ದು ಒಂದು ಕ್ರಿಯಾಪದ. ಸಂಜೆ ದೀಪ ಆರಿಸಿದ ಮೇಲೆ ಅದು ಗದ್ದವನ್ನು ಅತ್ತಿತ್ತ ಆಡಿಸುತ್ತ ಮರಳಿನ ಮೇಲೆ ಸಾಗುತ್ತದೆ. ಕೋಳಿ ಕೆದರುತ್ತದೆ, ಇದು ಕೆದರುವುದಲ್ಲ. 'ತಡಕುತ್ತದೆ' ಹತ್ತಿರ ಬರುತ್ತದೆ. ಆದರೆ ತಡಕಲು ಮುಟ್ಟಬೇಕು, ಇದು ಮುಟ್ಟುವ ಮೊದಲೇ ಹುಳು ಎಲ್ಲಿದೆ ಎಂದು ಅರಿಯುತ್ತದೆ. ಮುಟ್ಟದೆ ತಡಕುವುದಕ್ಕೆ ನಿಮ್ಮ ಕಡೆ ಮಾತಿದೆಯೇ? ದಾವಣಗೆರೆ, ಚಿತ್ರದುರ್ಗದ ಹಳ್ಳಿಗಳಲ್ಲಿ ಕೆರೆಮೀನು ಹಿಡಿಯುವವರ ಬಾಯಲ್ಲಿ ಕೇಳಿದವರು ದಯವಿಟ್ಟು ತಿಳಿಸಿ. ಚೀಟಿಯಲ್ಲಿ ಆ ಜಾಗ ಖಾಲಿ ಬಿಟ್ಟಿದ್ದೇನೆ.